ಆ ಕಡೆ ಜನ ಇದ್ದಾರೆ

ನಮ್ಮೂರಿನಲ್ಲಿ ಯಾರ ಬಾಳನ್ನೂ ಮನುಷ್ಯರು ತೀರ್ಮಾನಿಸುವುದಿಲ್ಲ. ಹಕ್ಕಿ ತೀರ್ಮಾನಿಸುತ್ತದೆ, ಇಲ್ಲದಿದ್ದರೆ ನೀರುನಾಯಿ, ಇಲ್ಲದಿದ್ದರೆ ಏಡಿ. ನನ್ನ ಪಾಲಿಗೆ ಯಾವಾಗಲೂ ಏಡಿಯೇ. ಅದರ ಮೇಲೆ ನನಗಿರುವ ಸಿಟ್ಟನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಬೇಸರ ಮಾಡಿಕೊಳ್ಳಬಾರದು.

ಹೊಳೆ ಕಡಲನ್ನು ಸೇರುವ ಅಳಿವೆಯ ಪಕ್ಕದಲ್ಲಿ ದೊಡ್ಡದೊಂದು ಕೆಸರು ಬಯಲಿದೆ. ಅದಕ್ಕೆ ಕಾಪಿನ ಬಯಲು ಎಂದು ಹೆಸರು. ಕಾಪಿಟ್ಟವರು ಯಾರೆಂದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಅಲ್ಲಿ ಬಲೆ ಬೀಸುವಂತಿಲ್ಲ, ಗಾಳ ಹಾಕುವಂತಿಲ್ಲ, ಕಾಂಡ್ಲಾ ಗಿಡದ ಒಂದು ಟೊಂಗೆ ಮುರಿಯುವಂತಿಲ್ಲ, ದನಿ ಎತ್ತುವಂತಿಲ್ಲ. ಉಬ್ಬರದ ನೀರು ಬಂದು ಕಾಂಡ್ಲಾದ ಬೇರುಗಳನ್ನು ಮುಚ್ಚುತ್ತದೆ, ಇಳಿತದಲ್ಲಿ ಮತ್ತೆ ಬಿಟ್ಟುಕೊಡುತ್ತದೆ. ಬಯಲಿನ ನಡುವೆ ತೆಂಗಿನ ಮಡಲು ಹೊದೆಸಿದ ಒಂದು ಗೂಡು. ಗೂಡಿನಲ್ಲಿ ಕೂರಲು ಒಂದು ಹಲಗೆ. ಹಲಗೆಯ ಮುಂದೆ ನೋಡಲು ಒಂದು ಕಿಂಡಿ.

ಪ್ರಾಯಕ್ಕೆ ಬಂದ ಪ್ರತಿಯೊಬ್ಬರೂ ಕಾಲಕಾಲಕ್ಕೆ ಆ ಹಲಗೆಯ ಮೇಲೆ ಕೂರಬೇಕು. ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲದಲ್ಲಿ ಒಮ್ಮೆ, ಚಳಿಗಾಲದಲ್ಲಿ ಒಮ್ಮೆ. ಕೂತು ನೋಡುತ್ತಿರಬೇಕು. ಕರೆಯಬಾರದು, ಕೈ ಬೀಸಬಾರದು, ಕಾಳು ಎಸೆಯಬಾರದು. ನೀವು ಎಲ್ಲವನ್ನೂ ನೋಡುತ್ತಿರುವಾಗ ಯಾವುದೋ ಒಂದು ಜೀವ ತಲೆಯೆತ್ತಿ ನಿಮ್ಮನ್ನು ನೋಡುತ್ತದೆ. ನೋಡಿದ್ದು ನಿಮಗೆ ತಿಳಿಯುತ್ತದೆ, ಹೇಗೆ ಅಂತ ಕೇಳಬೇಡಿ. ಯಾರೋ ಹೆಗಲ ಮೇಲೆ ಕೈಯಿಟ್ಟ ಹಾಗೆ ಆಗುತ್ತದೆ. ಅಲ್ಲಿಗೆ ಆ ಕಾಲದ ನಿಮ್ಮ ಬಾಳು ತೀರ್ಮಾನವಾಯಿತು.

ಬೆಳ್ಳಕ್ಕಿ ನೋಡಿದರೆ ಆ ಕಾಲವೆಲ್ಲ ಆತುರ ಪಡುವಂತಿಲ್ಲ. ನೀರುನಾಯಿ ನೋಡಿದರೆ ಯಾರ ಮೇಲೂ ಮುನಿಸಿಕೊಳ್ಳುವಂತಿಲ್ಲ. ಮಿಂಚುಳ್ಳಿ ನೋಡಿದರೆ ಮನಸ್ಸಿಗೆ ಬಂದದ್ದನ್ನು ಅಂದೇ ಮಾಡಿ ಮುಗಿಸಬೇಕು. ಏಡಿ ನೋಡಿದರೆ ನೇರ ಹೋಗುವಂತಿಲ್ಲ, ನೇರ ಮಾತಾಡುವಂತಿಲ್ಲ. ಪಕ್ಕದ ಮನೆಗೆ ಹೋಗಬೇಕಾದರೂ ಊರು ಸುತ್ತಬೇಕು, ಹಸಿವಾದರೆ ಇವತ್ತು ಸಾರಿನ ಪರಿಮಳ ಚೆನ್ನಾಗಿದೆ ಎನ್ನಬೇಕು. ಹೀಗೆ ವರ್ಷಗಟ್ಟಲೆ ಬಾಳಿದವನು ನಾನು. ತಲೆಯ ಮೇಲೆ ಉಪ್ಪಿನ ಕುಕ್ಕೆ ಹೊತ್ತು ಊರು ಸುತ್ತುವ ಕಷ್ಟ ಏಡಿಗೆ ಏನು ಗೊತ್ತು.

ಇವೆಲ್ಲ ಇಲ್ಲಿಯೇ ಇರುವ ಜೀವಗಳು. ಇವು ನೋಡಿದವರು ಊರಿನಲ್ಲಿ ಉಳಿಯುತ್ತಾರೆ. ಆದರೆ ಮಳೆ ತೆರಳಿದ ಮೇಲೆ ಎಲ್ಲಿಂದಲೋ ಬಂದು, ಚಳಿ ಮುಗಿಯುವಾಗ ಎಲ್ಲಿಗೋ ಹೋಗುವ ಹಕ್ಕಿಗಳಿವೆಯಲ್ಲ, ಕೆಸರಿನ ಬಣ್ಣದ ಮೈ, ಕೆಳಗೆ ಬಾಗಿದ ಉದ್ದನೆಯ ಕೊಕ್ಕು, ನಾವು ಬಾಗುಕೊಕ್ಕ ಎನ್ನುತ್ತೇವೆ, ಅದು ನೋಡಿದರೆ ಹೋಗಲೇಬೇಕು. ಗುಂಪು ಹಾರಿದ ದಿನ ಅದರ ಹಿಂದೆಯೇ ದೋಣಿ ಬಿಡಬೇಕು. ಮಳೆ ಮುಗಿದು ಹಕ್ಕಿಗಳು ತಿರುಗಿ ಬಂದಾಗ ಹೋದವರೂ ತಿರುಗಿ ಬರುತ್ತಾರೆ. ಬರದೆ ಉಳಿದವರು ಈ ಕಥೆ ನಡೆಯುವವರೆಗೆ ಯಾರೂ ಇರಲಿಲ್ಲ.

ಬಯಲಿನ ಬೇಲಿಗೆ ಎರಡು ಬಾಗಿಲು. ಒಂದು ಊರ ಕಡೆಗೆ, ಒಂದು ಕಡಲ ಕಡೆಗೆ. ಎರಡರ ನಡುವೆ ಬಾಗಿಲಜ್ಜಿ ಕೂರುತ್ತಾಳೆ. ಗೂಡಿನಿಂದ ಬಂದವರನ್ನು ಅವಳು ಕೇಳುವುದು ಒಂದೇ ಮಾತು: ಯಾರು ನೋಡಿದರು? ಉಳಿಯುವವರ ಕಾಲಿಗೆ ಕೆಸರು ಬಳಿದು ಊರ ಬಾಗಿಲಿನಿಂದ ಕಳಿಸುತ್ತಾಳೆ. ಹೋಗುವವರ ಕಾಲನ್ನು ನೀರಿನಿಂದ ತೊಳೆದು ಕಡಲ ಬಾಗಿಲು ತೋರಿಸುತ್ತಾಳೆ. ಯಾರೂ ನೋಡದೆ ಇದ್ದವರಿಗೆ ಕೆಸರೂ ಇಲ್ಲ, ನೀರೂ ಇಲ್ಲ. ಅವರು ಒಣಗಾಲಿನಲ್ಲಿ ಮನೆಗೆ ಹೋಗಿ ಮರುದಿನ ಮತ್ತೆ ಬರಬೇಕು. ಬೇಸಿಗೆ, ಮಳೆ, ಚಳಿ, ಒಂದು ಸುತ್ತು ಪೂರ್ತಿ ಒಣಗಾಲಿನಲ್ಲೇ ಕಳೆದವರಿಗೆ ಆಮೇಲೆ ಬಯಲಿನೊಳಗೆ ಕಾಲಿಡುವ ಹಕ್ಕಿಲ್ಲ.

ನೀವು ಕೇಳಬಹುದು, ಗೂಡಿನೊಳಗೆ ಒಬ್ಬರೇ ಕೂತಿರುವಾಗ ಯಾರು ನೋಡಿದರು ಎಂದು ಅಜ್ಜಿಗೆ ಹೇಗೆ ಗೊತ್ತಾಗಬೇಕು. ಗೊತ್ತಾಗುವುದಿಲ್ಲ. ನಿಮ್ಮ ಬಾಯಿಯ ಮಾತೇ ಸಾಕ್ಷಿ. ನಮ್ಮೂರಿನವರೇನು ಸತ್ಯಸಂಧರಲ್ಲ. ಮೀನು ಹಳಸಿದ್ದರೂ ಈಗ ತಾನೇ ಹಿಡಿದದ್ದು ಎನ್ನುವ ಜನ. ಆದರೆ ಆ ಬಾಗಿಲಿನಲ್ಲಿ ಮಾತ್ರ ಆವರೆಗೆ ಯಾರೂ ಸುಳ್ಳು ಹೇಳಿರಲಿಲ್ಲ. ನಾನೂ ಹೇಳಲಿಲ್ಲ. ಒಂದು ಸಲ ಮಿಂಚುಳ್ಳಿ ಎಂದಿದ್ದರೆ ಸಾಕಿತ್ತು, ಮನಸ್ಸಿನಲ್ಲಿದ್ದದ್ದನ್ನು ಅಂದೇ ಹೇಳಿ ಮುಗಿಸಬಹುದಿತ್ತು. ಪ್ರತಿ ಸಲವೂ ನಾಲಿಗೆಯ ತುದಿಯವರೆಗೆ ಮಿಂಚುಳ್ಳಿ ಬಂದು, ಬಾಯಿ ತೆರೆದಾಗ ಏಡಿ ಎಂದೇ ಬರುತ್ತಿತ್ತು.

ಮನಸ್ಸಿನಲ್ಲಿದ್ದದ್ದು ಏನೆಂದು ಈಗ ಹೇಳುತ್ತೇನೆ. ನಮ್ಮೂರಿನಲ್ಲಿ ಬಲೆ ಹೆಣೆಯುವವಳೊಬ್ಬಳಿದ್ದಳು. ನನ್ನ ಉಪ್ಪಿನ ಆಗರದ ಪಕ್ಕದಲ್ಲೇ ಅವಳ ಚಪ್ಪರ. ಹರಿದ ಬಲೆಗಳೆಲ್ಲ ಅವಳ ಮಡಿಲಿಗೆ ಬಂದು ಬೀಳುತ್ತಿದ್ದವು. ಅವಳು ಯಾವತ್ತೂ ದೋಣಿ ಹತ್ತಿದವಳಲ್ಲ. ಕಡಲು ಏನೇನನ್ನು ಹರಿದು ಹಾಕುತ್ತದೆ ಎಂದು ದಿನವೂ ಕೈಯಲ್ಲಿ ಹಿಡಿದು ನೋಡುವವಳಿಗೆ ಕಡಲೆಂದರೆ ಹೆದರಿಕೆ. ಅವಳು ನನ್ನನ್ನು ಉಪ್ಪಣ್ಣ ಎಂದು ಕರೆಯುತ್ತಿದ್ದಳು. ಬಾಯಿ ತುಂಬ ಅಣ್ಣ ಎನ್ನುವವಳ ಮುಂದೆ ನನ್ನಂಥವನು ಇನ್ನೇನು ಹೇಳಬೇಕು, ಅದೂ ಬಳಸಿಕೊಂಡು. ಈ ಬಲೆಯ ಕಣ್ಣು ಬಹಳ ಒಪ್ಪವಾಗಿದೆ ಎಂದೆ ಒಂದು ದಿನ. ನಿನಗೊಂದು ಚೀಲ ಹೆಣೆದು ಕೊಡಲಾ ಉಪ್ಪಣ್ಣ ಎಂದಳು. ಆ ಚೀಲ ಈಗಲೂ ನನ್ನ ಹತ್ತಿರ ಇದೆ.

ಅವಳ ಮನಸ್ಸು ಅಂಬಿಗನ ಮೇಲಿತ್ತು. ಹೊಳೆಯ ಈ ದಡದಿಂದ ಆ ದಡಕ್ಕೆ, ಆ ದಡದಿಂದ ಈ ದಡಕ್ಕೆ ಜನರನ್ನು ದಾಟಿಸುವವನು. ದೋಣಿ ಇದ್ದರೂ ಅಳಿವೆ ದಾಟಿದವನಲ್ಲ, ಅವನ ಕಾಲಿನ ಕೆಸರು ಒಣಗಿದ್ದನ್ನು ಯಾರೂ ನೋಡಿದ್ದಿಲ್ಲ. ಒಳ್ಳೆಯವನು ಮಾರಾಯ್ರೆ, ಬೈಯಲಿಕ್ಕೂ ಏನೂ ಸಿಗುತ್ತಿರಲಿಲ್ಲ. ಅವರಿಬ್ಬರ ಮದುವೆ ಮಾತಾಗಿತ್ತು.

ಚಳಿ ಮುಗಿಯುವ ಹೊತ್ತು. ಇಬ್ಬರೂ ಒಟ್ಟಿಗೆ ಬಾಗಿಲಜ್ಜಿಯ ಮುಂದೆ ನಿಂತರು.

"ಒಟ್ಟಿಗೆ ಕೂರುತ್ತೇವೆ, ಅಜ್ಜಿ" ಎಂದ ಅಂಬಿಗ.

"ಹಾಗೆ ಯಾರೂ ಕೂತದ್ದಿಲ್ಲ" ಎಂದಳು ಅಜ್ಜಿ.

"ಕೂರಬಾರದು ಅಂತ ಇದೆಯಾ?"

"ಕೂರಬೇಕು ಅಂತಲೂ ಇಲ್ಲ, ಕೂರಬಾರದು ಅಂತಲೂ ಇಲ್ಲ. ಹೋಗಿ, ಸದ್ದು ಮಾಡಬೇಡಿ. ನಗಬೇಡಿ."

ಹಲಗೆಯ ಎಡಗಡೆ ಅವಳು ಕೂತಳು, ಬಲಗಡೆ ಅವನು. ಇಳಿತದ ಹೊತ್ತು, ಕೆಸರು ಹೊಳೆಯುತ್ತಿತ್ತು. ಬಾಗುಕೊಕ್ಕಗಳು ಊರು ಬಿಡುವ ಮೊದಲು ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದವು. ಒಂದು ಹಕ್ಕಿ ಗುಂಪು ಬಿಟ್ಟು ಗೂಡಿನ ಹತ್ತಿರಕ್ಕೆ ಬಂತು. ಕೊಕ್ಕನ್ನು ಕೆಸರಿನಿಂದ ಎತ್ತಿತು. ನೋಡಿತು. ಇಬ್ಬರಿಗೂ ಹೆಗಲ ಮೇಲೆ ಕೈಯಿಟ್ಟ ಹಾಗಾಯಿತು. ಇದನ್ನೆಲ್ಲ ಆಮೇಲೆ ಅವಳೇ ನನಗೆ ಹೇಳಿದ್ದು.

ಬಾಗಿಲಿಗೆ ಬಂದಾಗ ಅಜ್ಜಿ ಕೇಳಿದಳು: "ಯಾರು ನೋಡಿದರು?"

"ಬಾಗುಕೊಕ್ಕ" ಎಂದ ಅವನು.

"ಯಾರನ್ನು?"

ಆ ಬಾಗಿಲಿನಲ್ಲಿ ಆ ಪ್ರಶ್ನೆ ಬಂದದ್ದು ಅದೇ ಮೊದಲು. ನೋಟವನ್ನು ಯಾರ ಪಾಲಿಗೆ ಹಾಕಬೇಕೆಂಬ ತೊಡಕು ಅಲ್ಲಿಯವರೆಗೆ ಹುಟ್ಟಿಯೇ ಇರಲಿಲ್ಲ. ಅಂಬಿಗ ಅವಳ ಮುಖ ನೋಡಿದ. ಅವಳು ಕಡಲ ಬಾಗಿಲನ್ನು ನೋಡುತ್ತಿದ್ದಳು. ಒಂದು ಹೆಜ್ಜೆ ಹಿಂದೆ ಸರಿದಳು. ಅವನು ಹೇಳಿದ: "ನನ್ನನ್ನೇ."

"ನಿನ್ನನ್ನು ಯಾರು ನೋಡಿದರು, ಮಗಾ?" ಎಂದು ಅಜ್ಜಿ ಅವಳನ್ನು ಕೇಳಿದಳು. ಅವಳು ಏನೂ ಹೇಳಲಿಲ್ಲ. ಏನೂ ಹೇಳದಿದ್ದರೆ ಆ ಬಾಗಿಲಿನಲ್ಲಿ ಒಂದೇ ಅರ್ಥ. ಅಜ್ಜಿ ಅವನ ಕಾಲು ತೊಳೆದಳು. ಅವಳು ಒಣಗಾಲಿನಲ್ಲಿ ಊರ ಬಾಗಿಲು ದಾಟಿದಳು.

ಹಕ್ಕಿಗಳು ಹಾರಿದ ದಿನ ಊರೆಲ್ಲ ದಡದಲ್ಲಿ ನಿಂತಿತ್ತು. ಹೋಗುವವರ ದೋಣಿಗಳು ಸಾಲಾಗಿ ಅಳಿವೆ ದಾಟಿದವು. ಅಂಬಿಗನದು ಕೊನೆಯ ದೋಣಿ. ಮಳೆ ತೆರಳಿದ ಕೂಡಲೇ ಬರುತ್ತೇನೆ ಎಂದ. ಅವಳು ತಲೆಯಾಡಿಸಿದಳು. ಆ ಹೊತ್ತಿನಲ್ಲಿ ನನಗೆ ಸ್ವಲ್ಪ ಸಂತೋಷವಾಯಿತು, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ. ಆದರೆ ಅವಳ ಮುಖ ನೋಡಿದ ಮೇಲೆ ಆ ಸಂತೋಷ ಉಳಿಯಲಿಲ್ಲ.

ಬೇಸಿಗೆ ಬಂತು. ಅವಳು ಬೆಳಿಗ್ಗೆ ಬಯಲಿಗೆ ಹೋಗಿ ಹಲಗೆಯ ಎಡಗಡೆ ಕೂತಳು. ಬಲಗಡೆ ತನ್ನ ಹೆಗಲ ವಸ್ತ್ರ ಹಾಸಿದಳು. ಬೆಳ್ಳಕ್ಕಿ ಒಂಟಿ ಕಾಲಿನಲ್ಲಿ ನಿಂತಿತು, ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸಿಕೊಂಡಿತು, ಕಡಲಾಮೆಯ ಮರಿಗಳು ಮರಳಿನಿಂದ ಎದ್ದು ನೀರಿಗೆ ಹರಿದವು. ಯಾವುದೂ ಅವಳನ್ನು ನೋಡಲಿಲ್ಲ. ಅಜ್ಜಿ ಕೇಳಿದಳು, ಅವಳು ಸುಮ್ಮನಿದ್ದಳು, ಒಣಗಾಲಿನಲ್ಲಿ ಬಂದಳು. ಮರುದಿನ ಮತ್ತೆ ಹೋದಳು. ಕೂತಳು, ವಸ್ತ್ರ ಹಾಸಿದಳು, ನೋಡಿದಳು, ಒಣಗಾಲಿನಲ್ಲಿ ಬಂದಳು. ಬೇಸಿಗೆ ಹಾಗೆಯೇ ಕಳೆಯಿತು.

ಮಳೆ ಬಂತು. ಗೂಡಿನ ಮಡಲಿನಿಂದ ನೀರು ಸೋರುತ್ತಿತ್ತು. ಹಾಸಿದ ವಸ್ತ್ರ ನೆನೆಯಬಾರದೆಂದು ಅವಳು ತಾನು ಹೊದ್ದಿದ್ದ ಗರಿಯ ಗೊರಬನ್ನು ಅದರ ಮೇಲೆ ಹಿಡಿದು ತಾನು ನೆನೆದಳು. ಹೊಳೆ ಕೆಂಪಾಗಿ ಉಕ್ಕಿತು, ಕಪ್ಪೆಗಳು ಕೂಗಿದವು, ನೀರುನಾಯಿಗಳು ಮರಿಗಳಿಗೆ ಈಜು ಕಲಿಸಿದವು. ಯಾವುದೂ ಅವಳನ್ನು ನೋಡಲಿಲ್ಲ.

ಊರಿನವರು ಸುಮ್ಮನೆ ಬಿಡುವವರಾ. ಒಣಗಾಲಿನವಳು ಬಂದಳು, ಒಣಗಾಲಿನವಳು ಹೋದಳು ಎಂದು ಶುರುಮಾಡಿದರು. ಇವಳು ಹೋದಲ್ಲಿ ಮಳೆಯೂ ನಿಲ್ಲುತ್ತದೆ ಎಂದು ಮೀನು ಮಾರುವ ಹೆಂಗಸರು ನಕ್ಕರು. ನಾನು ಅವರಿಗೆ ಅಳೆಯುವಾಗ ಉಪ್ಪನ್ನು ಕಡಿಮೆ ಹಾಕಿದೆ. ಏಡಿ ನೋಡಿದವನು ಇದಕ್ಕಿಂತ ಜಾಸ್ತಿ ಏನೂ ಮಾಡುವ ಹಾಗಿಲ್ಲ.

ಒಂದು ದಿನ ಅವಳು ನೆನೆದು ತೊಪ್ಪೆಯಾಗಿ ಬಂದಾಗ ಆಗರದ ದಂಡೆಯಲ್ಲಿ ನಿಂತು ನಾನು ಹೇಳಿದೆ: "ಹಲಗೆಯ ಒಂದೇ ಕಡೆ ಭಾರ ಬಿದ್ದರೆ ಹಲಗೆ ವಾಲುತ್ತದಂತೆ. ಇನ್ನೊಂದು ಕಡೆಯೂ ಯಾರಾದರೂ ಇದ್ದರೆ ಒಳ್ಳೆಯದು ಅಂತ ಜನ ಹೇಳುತ್ತಾರೆ."

ಅಷ್ಟು ಹೇಳಲಿಕ್ಕೆ ನಾನು ಇಡೀ ಮಳೆಗಾಲ ತೆಗೆದುಕೊಂಡಿದ್ದೆ. ಅವಳು ವಸ್ತ್ರ ಹಿಂಡುತ್ತಾ ನನ್ನನ್ನು ನೋಡಿದಳು. ಅವಳಿಗೆ ಅರ್ಥವಾಗಿತ್ತು. ನಕ್ಕು ಬಿಡಬಹುದಿತ್ತು, ನಗಲಿಲ್ಲ.

"ಆ ಕಡೆ ಜನ ಇದ್ದಾರೆ, ಉಪ್ಪಣ್ಣ" ಎಂದಳು.

ನಾನು ಆಗರದ ಸುತ್ತ ಬಳಸಿಕೊಂಡು ಮನೆಗೆ ಹೋದೆ. ದಾರಿ ಅಷ್ಟು ಉದ್ದವಿದ್ದದ್ದು ಅವತ್ತು ಒಳ್ಳೆಯದೇ ಆಯಿತು.

ಮಳೆ ತೆರಳಿತು. ಒಂದು ಬೆಳಿಗ್ಗೆ ಆಕಾಶದಲ್ಲಿ ಬಾಗುಕೊಕ್ಕಗಳ ಸಿಳ್ಳೆ ಕೇಳಿಸಿತು. ಊರೆಲ್ಲ ದಡಕ್ಕೆ ಓಡಿತು. ಅವಳು ಎಲ್ಲರಿಗಿಂತ ಮುಂದೆ ನೀರಿನಲ್ಲಿ ಮೊಣಕಾಲಿನವರೆಗೆ ನಿಂತಿದ್ದಳು. ಹೆದರಿಕೆಯವಳು ಅಷ್ಟು ದೂರ ಹೇಗೆ ಹೋದಳೋ. ದೋಣಿಗಳು ಒಂದೊಂದಾಗಿ ಅಳಿವೆಯೊಳಗೆ ಬಂದವು. ಅಪ್ಪಂದಿರು ಬಂದರು, ಅಕ್ಕಂದಿರು ಬಂದರು, ಹೋದಾಗ ಕಪ್ಪು ಕೂದಲಿದ್ದವರು ತಲೆ ಬೆಳ್ಳಗಾಗಿ ಬಂದರು. ದೋಣಿಗಳು ಮುಗಿದವು. ಅಂಬಿಗ ಬರಲಿಲ್ಲ.

ಬಂದವರಲ್ಲಿ ಗಡಿಗೆ ಮಾಡುವವಳೊಬ್ಬಳಿದ್ದಳು, ಹಿರಿಯಳು. ಅವಳು ಬಲೆಯವಳ ಕೈ ಹಿಡಿದುಕೊಂಡು ಹೇಳಿದಳು: "ಇದ್ದಾನೆ ತಂಗೀ, ಬದುಕಿದ್ದಾನೆ. ಆದರೆ ಅವನು ಹಕ್ಕಿಗಳು ಇಳಿಯುವ ಆ ದಡ ಮುಟ್ಟಲೇ ಇಲ್ಲ. ಹೋಗುವಾಗಲೂ ನಡುಗಡಲಿನಲ್ಲಿ ಸುತ್ತುತ್ತಿದ್ದ, ಬರುವಾಗಲೂ ಅಲ್ಲೇ ಸುತ್ತುತ್ತಿದ್ದಾನೆ. ದೋಣಿ ದಿಕ್ಕು ಹಿಡಿಯುವುದಿಲ್ಲ."

"ಅವನಿಗೆ ದೋಣಿ ಬಿಡಲು ಬರುವುದಿಲ್ಲವಾ?" ಎಂದು ಯಾರೋ ನಕ್ಕರು.

"ಬರುತ್ತದೆ. ಆದರೆ ಒಂದೇ ಕಡೆ ಹುಟ್ಟು ಹಾಕುತ್ತಾನೆ. ಬಲಗಡೆ ಮಾತ್ರ. ಇನ್ನೊಂದು ಕಡೆಯೂ ಹಾಕು ಮಾರಾಯ ಅಂತ ನಾವೆಲ್ಲ ಕೂಗಿ ಹೇಳಿದೆವು. ನಾವು ಬಂದು ಕೂರುತ್ತೇವೆ ಅಂತಲೂ ಹೇಳಿದೆವು. ಬೇಡ, ಆ ಕಡೆ ಜನ ಇದ್ದಾರೆ ಎನ್ನುತ್ತಾನೆ."

ನನ್ನ ಕುಕ್ಕೆ ಕೈಜಾರಿತು. ಅಷ್ಟು ದೂರದಲ್ಲಿ, ಅಷ್ಟು ನೀರಿನ ಆಚೆ, ಅದೇ ಮಾತು. ಬಲೆಯವಳು ಚೆಲ್ಲಿದ ಉಪ್ಪನ್ನು ಬಾಚಿ ನನ್ನ ಕುಕ್ಕೆಗೆ ತುಂಬಿಸಿ ಕೊಟ್ಟು ಬಯಲಿಗೆ ಹೋದಳು.

ಆ ಚಳಿಗಾಲ ಅವಳ ಪಾಲಿಗೆ ಕೊನೆಯದು. ಯಾವುದಾದರೂ ಒಂದು ಜೀವ ನೋಡಬೇಕು, ಇಲ್ಲದಿದ್ದರೆ ಎರಡೂ ಬಾಗಿಲು ಮುಚ್ಚುತ್ತವೆ. ಊರ ಬಾಗಿಲು ಮುಚ್ಚಿದರೆ ಮತ್ತೆ ಹಲಗೆಯ ಮೇಲೆ ಅವನ ಜಾಗ ಕಾಯುವಂತಿಲ್ಲ. ಕಡಲ ಬಾಗಿಲು ಮುಚ್ಚಿದರೆ ಮತ್ತೆ ಅವನಿರುವಲ್ಲಿಗೆ ಹೋಗುವಂತಿಲ್ಲ. ಮೀನು ಮಾರುವ ಹೆಂಗಸರೂ ನಗುವುದು ನಿಲ್ಲಿಸಿದರು. ಬಾಗಿಲಜ್ಜಿ ಒಮ್ಮೆ ಮೆಲ್ಲಗೆ ಕೇಳಿದಳಂತೆ: "ಯಾವುದೋ ಒಂದು ಹೆಸರು ಹೇಳಿಬಿಡು ಮಗಾ. ನನಗೆ ಕಿವಿ ಮಂದ, ಸರಿಯಾಗಿ ಕೇಳಿಸುವುದಿಲ್ಲ." ಅಷ್ಟು ಹೇಳಬೇಕಾದರೆ ಅಜ್ಜಿಗೆ ಎಷ್ಟು ಸಂಕಟವಾಗಿರಬೇಡ. ಅವಳು ಹೇಳಲಿಲ್ಲ. ಒಣಗಾಲಿನಲ್ಲಿ ಬಂದಳು.

ಗಾಳಿ ತಿರುಗಿತು. ಬಾಗುಕೊಕ್ಕಗಳು ಹೊಟ್ಟೆ ತುಂಬಿಸಿಕೊಳ್ಳಲು ಶುರುಮಾಡಿದವು. ಇನ್ನು ಇಂದೋ ನಾಳೆಯೋ ಹಾರುತ್ತವೆ ಎನ್ನುವ ಹೊತ್ತಿನಲ್ಲಿ ಅವಳು ಗೂಡಿಗೆ ಹೋದಳು. ನನ್ನ ಆಗರದ ದಂಡೆಯಿಂದ ಗೂಡು ಕಾಣಿಸುತ್ತದೆ. ಉಪ್ಪು ಎಳೆಯುವುದನ್ನು ಬಿಟ್ಟು ನಾನು ನಿಂತೆ. ಒಳಗೆ ಆದದ್ದನ್ನು ಆಮೇಲೆ ಅವಳೇ ಹೇಳಿದಳು.

ಒಂದು ಹಕ್ಕಿ ಗುಂಪು ಬಿಟ್ಟು ಗೂಡಿನ ಹತ್ತಿರಕ್ಕೆ ಬಂತು. ಕೊಕ್ಕನ್ನು ಕೆಸರಿನಿಂದ ಎತ್ತಿತು. ನೋಡಿತು. ಅವಳನ್ನಲ್ಲ, ಹಲಗೆಯ ಬಲಗಡೆ ಹಾಸಿದ ವಸ್ತ್ರವನ್ನು. ಅಲ್ಲಿ ಕೂತಿರಬೇಕಾದವರನ್ನು ಹುಡುಕುವ ಹಾಗೆ ಕತ್ತು ಓರೆ ಮಾಡಿ ನೋಡಿತು. ಅವಳಿಗೆ ಅದು ತಿಳಿಯಿತು. ಮೆಲ್ಲಗೆ ಜರುಗಿ ವಸ್ತ್ರದ ಮೇಲೆ, ಅವನ ಜಾಗದಲ್ಲಿ ಕೂತಳು. ಹಕ್ಕಿ ಕತ್ತು ತಿರುಗಿಸಿ ಅವಳು ಬಿಟ್ಟ ಜಾಗವನ್ನು ನೋಡಿತು. ಅವಳು ಮತ್ತೆ ಎಡಕ್ಕೆ ಬಂದಳು. ಹಕ್ಕಿ ಮತ್ತೆ ಬಲಕ್ಕೆ ನೋಡಿತು. ಅವಳು ಎಲ್ಲಿ ಕೂತರೂ ಅದು ಇನ್ನೊಬ್ಬರನ್ನು ಹುಡುಕುತ್ತಿತ್ತು. ವರ್ಷವೆಲ್ಲ ಬೆಳ್ಳಕ್ಕಿಯೂ ನೀರುನಾಯಿಯೂ ಹುಡುಕುತ್ತಿದ್ದದ್ದು ಅದನ್ನೇ.

ಅವಳು ಎದ್ದು, ವಸ್ತ್ರವನ್ನು ಮಡಿಸಿ ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದಳು. ನಾನೂ ಬೇಲಿಯ ಹತ್ತಿರಕ್ಕೆ ಓಡಿದೆ, ಅವತ್ತು ಬಳಸಿಕೊಂಡು ಹೋಗುವುದು ಮರೆತೇ ಹೋಯಿತು.

"ಯಾರು ನೋಡಿದರು?" ಎಂದು ಕೇಳಿದಳು ಅಜ್ಜಿ.

"ಬಾಗುಕೊಕ್ಕ."

ಅಜ್ಜಿ ತಲೆಯೆತ್ತಿದಳು. "ಯಾರನ್ನು?"

"ಇಬ್ಬರನ್ನು, ಅಜ್ಜಿ. ಇವತ್ತಲ್ಲ, ಅವತ್ತೇ. ಒಂದೇ ನೋಟ, ನಮ್ಮಿಬ್ಬರನ್ನೂ ನೋಡಿತ್ತು."

"ಅವತ್ತೇ ಯಾಕೆ ಹೇಳಲಿಲ್ಲ?"

"ಹೆದರಿಕೆಯಾಯಿತು."

"ಈಗ?"

"ಈಗಲೂ ಹೆದರಿಕೆಯೇ, ಅಜ್ಜಿ. ಅವನು ಅಲ್ಲಿ ಸುತ್ತುತ್ತಿದ್ದಾನೆ. ಆ ನೋಟದ ನನ್ನ ಅರ್ಧ ನನ್ನ ಹತ್ತಿರವೇ ಇಟ್ಟುಕೊಂಡು ಕೂತರೆ ಅವನು ಯಾವ ದಡ ಮುಟ್ಟುತ್ತಾನೆ?"

ಬಾಗಿಲಜ್ಜಿ ಕಣ್ಣು ಒರೆಸಿಕೊಂಡು ನೀರಿನ ಚೊಂಬು ಎತ್ತಿದಳು. ಒಂದು ವರ್ಷ ತನ್ನ ಕೈಯ ಕೆಸರನ್ನೂ ನೀರನ್ನೂ ಕಾಣದ ಆ ಕಾಲುಗಳನ್ನು ಬೆರಳು ಬೆರಳಿನ ನಡುವೆ ತೊಳೆದಳು. ತೊಳೆಯುತ್ತಾ ಹೇಳಿದಳು, ಮದುವೆಯ ಅರಿಶಿನ ಹಚ್ಚಲು ನನಗೆ ಹೇಗೂ ಆಗಲಿಲ್ಲ, ಇದನ್ನಾದರೂ ಸರಿಯಾಗಿ ಮಾಡುತ್ತೇನೆ.

ಅವಳಿಗೆ ದೋಣಿ ಇರಲಿಲ್ಲ. ಉಪ್ಪು ಸಾಗಿಸುವ ನನ್ನ ಚಿಕ್ಕ ದೋಣಿಯಿತ್ತು. ದೋಣಿ ಇಲ್ಲೇ ಕೊಳೆಯುತ್ತಾ ಬಿದ್ದಿದೆ, ಉಪ್ಪಿಗೆ ಈ ವರ್ಷ ಬೇಡಿಕೆಯೂ ಇಲ್ಲ ಎಂದೆ. ಅವಳು ಅರ್ಥ ಮಾಡಿಕೊಂಡಳು.

ಹಕ್ಕಿಗಳು ಗಾಳಿಗಾಗಿ ಕಾಯುತ್ತಿದ್ದಷ್ಟು ದಿನ ನಾನು ಅವಳಿಗೆ ಹೊಳೆಯಲ್ಲಿ ಹುಟ್ಟು ಹಾಕುವುದನ್ನು ಕಲಿಸಿದೆ. ಮೊದಲ ದಿನ ದೋಣಿಯೊಳಗೆ ಕೂತು ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಎರಡು ಕೈಯಲ್ಲೂ ಅಂಚನ್ನು ಗಟ್ಟಿಯಾಗಿ ಹಿಡಿದು, ಉಪ್ಪಣ್ಣ, ತಳದಲ್ಲಿ ಏನೋ ಅಲುಗಾಡುತ್ತಿದೆ ಎಂದಳು. ಅದು ನೀರು ಎಂದೆ. ಅದೇ ನನ್ನ ಬಾಳಿನಲ್ಲಿ ನಾನು ಅವಳಿಗೆ ಆಡಿದ ಮೊದಲ ನೇರ ಮಾತು. ಆಮೇಲೆ ಕಣ್ಣು ತೆರೆದಳು. ಆಮೇಲೆ ಅಂಚು ಬಿಟ್ಟಳು. ಬಲೆ ಹೆಣೆದು ಗಟ್ಟಿಯಾದ ಕೈಗಳು ಹುಟ್ಟನ್ನು ಬೇಗ ಕಲಿತವು.

ಆದರೆ ಎಡಗಡೆಯದನ್ನು ಮಾತ್ರ ಕಲಿತಳು.

"ಒಂದೇ ಕಡೆ ಹಾಕಿದರೆ ನೀನೂ ಸುತ್ತುತ್ತೀಯ" ಎಂದೆ. ಇದೂ ನೇರ ಮಾತೇ, ಬಾಯಿಗೆ ಅಭ್ಯಾಸವಾಗುತ್ತಿತ್ತು.

"ಅವನಿರುವ ಜಾಗದ ತನಕ ಇಳಿತ ಕರೆದುಕೊಂಡು ಹೋಗುತ್ತದೆ" ಎಂದಳು. "ಅಲ್ಲಿಂದ ಮುಂದೆ ಬಲಗಡೆ ಅವನು ಹಾಕುತ್ತಾನೆ."

ನಾನು ಅವಳೆದುರು ದೋಣಿಯ ತುದಿಯಲ್ಲಿ ಕೂತಿದ್ದೆ. ಅವಳ ಬಲಗಡೆ ಜಾಗವಿತ್ತು, ಉದ್ದಕ್ಕೂ ಇತ್ತು. ಅಲ್ಲಿ ಕೂರುವ ಆಸೆಯಾಯಿತು, ಒಂದು ದಿನದ ಮಟ್ಟಿಗೆ, ಕಲಿಸುವ ನೆಪದಲ್ಲಿ. ಕೂರಲಿಲ್ಲ. ಆ ಕಡೆ ಜನ ಇದ್ದರು.

ಗಾಳಿ ಬಂತು. ಬಾಗುಕೊಕ್ಕಗಳು ಒಮ್ಮೆಗೇ ಎದ್ದವು, ಬಯಲೇ ಎದ್ದು ಹೋದ ಹಾಗಿತ್ತು. ಹೋಗುವವರ ದೋಣಿಗಳು ಹೊರಟವು. ಅವಳು ಕಡಲ ಬಾಗಿಲಿನಿಂದ ಬಂದು ದೋಣಿ ಹತ್ತಿ, ಎಡಗಡೆ ಕೂತು, ಬಲಗಡೆ ತನ್ನ ಹೆಗಲ ವಸ್ತ್ರ ಹಾಸಿದಳು. ಬಲೆ ಹೆಣೆಯುವ ಮರದ ಸೂಜಿಯನ್ನು ನನ್ನ ಕೈಗೆ ಕೊಟ್ಟಳು.

"ನಾನು ಬರುತ್ತೇನೆ, ಉಪ್ಪಣ್ಣ."

ಹೋಗುತ್ತೇನೆ ಎನ್ನಬಾರದೆಂದು ನಮ್ಮಲ್ಲಿ ಎಲ್ಲರೂ ಬರುತ್ತೇನೆ ಎಂದೇ ಹೇಳುವುದು. ಗೊತ್ತಿದ್ದೂ ನಾನು ಆ ಮಾತನ್ನು ಎತ್ತಿಟ್ಟುಕೊಂಡೆ. ಹೋಗಿ ಬಾ ಎಂದೆ. ಇಳಿತ ದೋಣಿಯನ್ನು ಎಳೆದುಕೊಂಡಿತು. ಅಳಿವೆಯ ಬಾಯಿಯಲ್ಲಿ ದೋಣಿ ಒಂದು ಸುತ್ತು ತಿರುಗಿತು, ಅವಳ ಮುಖ ಒಮ್ಮೆ ನಮ್ಮ ಕಡೆಗೆ ಬಂತು, ಆಮೇಲೆ ಕಡಲ ಕಡೆಗೆ ಹೋಯಿತು.

ಬೇಸಿಗೆ ಕಳೆಯಿತು, ಮಳೆ ಕಳೆಯಿತು. ಸಿಳ್ಳೆ ಕೇಳಿಸಿದ ಬೆಳಿಗ್ಗೆ ಈ ಸಲ ನೀರಿನಲ್ಲಿ ಮೊಣಕಾಲಿನವರೆಗೆ ನಿಂತವನು ನಾನು. ದೋಣಿಗಳು ಒಂದೊಂದಾಗಿ ಬಂದವು. ಅವರಿಬ್ಬರೂ ಬರಲಿಲ್ಲ. ಈ ಸಲವೂ ಹೋಗಿ ಬಂದಿದ್ದ ಗಡಿಗೆ ಮಾಡುವವಳನ್ನು ಕೇಳಿದೆ, ಬಳಸದೆ, ಸುತ್ತದೆ, ನೇರವಾಗಿ ಕೇಳಿದೆ.

"ಸುತ್ತುವ ದೋಣಿ ಯಾವುದೂ ಇಲ್ಲ ತಮ್ಮಾ" ಎಂದಳು. "ಆ ಜಾಗದಲ್ಲಿ ಬರೀ ನೀರಿದೆ. ನಿನ್ನ ಉಪ್ಪಿನ ದೋಣಿ ಖಾಲಿಯಾಗಿ ತೇಲುತ್ತಿತ್ತು, ಹಗ್ಗ ಕಟ್ಟಿ ತಂದಿದ್ದೇನೆ."

ಅಂದರೆ ಒಂದು ದೋಣಿಯಲ್ಲಿ ಇಬ್ಬರು ನೆಟ್ಟಗೆ ಎಲ್ಲಿಗೋ ಹೋಗಿದ್ದಾರೆ. ನನ್ನ ದೋಣಿಯ ಬಲಗಡೆ ವಸ್ತ್ರ ಇರಲಿಲ್ಲ. ಅದನ್ನೂ ತೆಗೆದುಕೊಂಡು ಹೋಗಿದ್ದಳು.

ಅವರ ಕಥೆಯಾದ ಮೇಲೆ ಬಾಗಿಲಜ್ಜಿ ತನ್ನ ಪ್ರಶ್ನೆ ಬದಲಾಯಿಸಿದ್ದಾಳೆ. ಯಾರು ನೋಡಿದರು ಎಂದು ಕೇಳಿದ ಮೇಲೆ ಇನ್ನೊಂದು ಕೇಳುತ್ತಾಳೆ: ಎಷ್ಟು ಜನರನ್ನು? ಮತ್ತೆ ಯಾರೂ ನೋಟವನ್ನು ಅರ್ಧ ಮಾಡಿಕೊಂಡು ಕಡಲಿನಲ್ಲಿ ಸುತ್ತಬಾರದು ಎಂದು ಅವಳ ಲೆಕ್ಕಾಚಾರ. ಒಟ್ಟಿಗೆ ಕೂತು ಬಂದವರು ಇಬ್ಬರನ್ನು ಎನ್ನುತ್ತಾರೆ, ಎರಡು ಜೊತೆ ಕಾಲಿಗೆ ಒಟ್ಟಿಗೆ ಕೆಸರೋ ನೀರೋ ಆಗುತ್ತದೆ. ಒಂಟಿಯಾಗಿ ಹೋದವರು ಬಾಯಿ ಬಿಟ್ಟು ಹೇಳಬೇಕು. ಮೊದಲು ಈ ಊರಿನಲ್ಲಿ ಯಾರೂ ಒಂಟಿಯಾಗಿರಲಿಲ್ಲ, ಏಕೆಂದರೆ ಯಾರೂ ಕೇಳುತ್ತಿರಲಿಲ್ಲ.

ಮೊನ್ನೆ ನಾನು ಹೋಗಿದ್ದೆ. ಹಲಗೆಯ ಬಲಗಡೆ ಕೂತೆ. ಎಡಗಡೆ ಅವಳು ಹೆಣೆದು ಕೊಟ್ಟ ಚೀಲ ಇಟ್ಟೆ. ಬಾಗುಕೊಕ್ಕಗಳು ದೂರದಲ್ಲಿ ಮೇಯುತ್ತಿದ್ದವು, ಒಂದೂ ತಲೆಯೆತ್ತಲಿಲ್ಲ. ಇಳಿತ ಪೂರ್ತಿಯಾದ ಮೇಲೆ ಗೂಡಿನ ಬುಡದ ಬಿಲದಿಂದ ಏಡಿ ಹೊರಗೆ ಬಂತು, ನಮ್ಮ ಹಳೆಯ ಪರಿಚಯ. ಕೊಂಬಿನಂಥ ಕಣ್ಣುಗಳನ್ನು ಎತ್ತಿ ಮೊದಲು ಚೀಲವನ್ನು ನೋಡಿತು. ಬಹಳ ಹೊತ್ತು ನೋಡಿತು. ಆಮೇಲೆ ಅಲ್ಲಿ ಯಾರೂ ಇಲ್ಲ ಎಂದು ಗೊತ್ತಾಗಿ ನನ್ನ ಕಡೆಗೆ ತಿರುಗಿತು. ನನಗೆ ಅದರ ಮೇಲೆ ಸಿಟ್ಟು ಬರಲಿಲ್ಲ.

"ಯಾರು ನೋಡಿದರು?" ಎಂದು ಕೇಳಿದಳು ಬಾಗಿಲಜ್ಜಿ.

"ಏಡಿ."

"ಎಷ್ಟು ಜನರನ್ನು?"

ಅವಳು ನನ್ನ ಕೈಯಲ್ಲಿದ್ದ ಚೀಲವನ್ನು ನೋಡುತ್ತಿದ್ದಳು. ಕಿವಿ ಮಂದ ಎಂದು ಇನ್ನೊಮ್ಮೆ ಹೇಳಲು ತಯಾರಾಗಿದ್ದಳು ಅಂತ ಕಾಣುತ್ತದೆ. ನಾನು ಏಡಿ ನೋಡಿದವನು, ಬಳಸಿಕೊಂಡು ಏನಾದರೂ ಹೇಳಬಹುದಿತ್ತು.

"ಒಬ್ಬನನ್ನೇ, ಅಜ್ಜಿ" ಎಂದೆ.

ಅವಳು ಕೆಸರಿನ ಬೋಗುಣಿಯನ್ನು ಹತ್ತಿರ ಎಳೆದುಕೊಂಡಳು. ನಾನು ಕಾಲು ಮುಂದಿಟ್ಟೆ. ಕಡಲ ಬಾಗಿಲಿನಿಂದ ಗಾಳಿ ಬೀಸುತ್ತಿತ್ತು.

"ದಪ್ಪಗೆ ಬಳಿ" ಎಂದೆ.